ಬಿಳಿ ಪಟ್ಟಿಯ ಪಂಜರಗಳು

ಈ ಸಲ ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ದಿನ ಪಕ್ಕದ ಮನೆಯ ರಾಜ ತನ್ನ ಮಾವಿನ ತೋಪಿಗೆಂದು ಒಂದು ಲಾರಿ ಕೋಳಿಗೊಬ್ಬರ ತರಿಸಿದ. ಕೆಸರಿನಲ್ಲಿ ಲಾರಿ ತೋಪಿನವರೆಗೆ ಹೋಗಲಾರದೆ ನಮ್ಮ ಮನೆಯ ಮುಂದೆಯೇ ಸುರಿದು ಹೋಯಿತು. ಭತ್ತದ ಹೊಟ್ಟು, ಅದರಲ್ಲಿ ಬೆರೆತ ಹಿಕ್ಕೆ, ಮೇಲೆ ಮಳೆನೀರು. ರಾಶಿ ಒಳಗೊಳಗೇ ಬಿಸಿಯಾಗಿ ಹೊಗೆಯಾಡುತ್ತಿತ್ತು. ಬೀದಿಯವರೆಲ್ಲ ಬಾಗಿಲು ಹಾಕಿಕೊಂಡರು. ನನ್ನ ಹೆಂಡತಿ ರತ್ನಮ್ಮ ಒಳಗಿನಿಂದ ಎರಡು ಸಲ ಕೂಗಿದಳು. ನಾನು ಜಗಲಿಯಿಂದ ಏಳಲಿಲ್ಲ. ಮೂಗಿನ ಹಿಂದೆ ಸೂಜಿ ಚುಚ್ಚಿದಂತಾಗುವ ಆ ವಾಸನೆ ನನಗೆ ಹಳೆಯದು. ಇಪ್ಪತ್ತೈದು ವರ್ಷಗಳ ಹಿಂದೆ ಕೋಲಾರದಲ್ಲಿ ನಾನು ಪ್ರತಿದಿನ ಬೆಳಿಗ್ಗೆ ಬೀಗ ತೆಗೆಯುತ್ತಿದ್ದ ಒಂದು ಕೋಣೆಯ ವಾಸನೆ ಅದು.

ಆ ಕೋಣೆಯಲ್ಲಿ ಆರು ತಿಂಗಳು ನಾನು ಮಾಡಿದ ಕೆಲಸವನ್ನು ಯಾರಿಗೂ ಹೇಳಿರಲಿಲ್ಲ. ರತ್ನಮ್ಮನಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ನಾನು ಮುಳಬಾಗಿಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು. ನಮ್ಮ ಊರು ಬೈರಕೂರಿನ ಆಚೆ, ಆಂಧ್ರದ ಗಡಿಗೆ ಹತ್ತಿರ. ಕೋಲಾರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದೆ. ಕಾಲೇಜಿನ ಹೆಸರು ಬರೆಯುವುದಿಲ್ಲ, ತಪ್ಪು ಅದರದಲ್ಲ. ನನ್ನ ಪಾಲಿಗೆ ಬಂದಿದ್ದು ಇಲಿ ಮನೆ. ಕಟ್ಟಡದ ಹಿಂಭಾಗದಲ್ಲಿ ಶೀಟು ಹೊದಿಸಿದ ಕೋಣೆ, ಅದರಲ್ಲಿ ಸಾಲಾಗಿ ಪಂಜರಗಳು, ಅವುಗಳಲ್ಲಿ ಕೆಂಪು ಕಣ್ಣಿನ ಬಿಳಿ ಇಲಿಗಳು. ಹೊಟ್ಟು ಬದಲಿಸುವುದು, ಮೇವು ಹಾಕುವುದು, ನೀರಿನ ಬಾಟಲಿ ತೊಳೆದು ತುಂಬುವುದು, ರಿಜಿಸ್ಟರಿನಲ್ಲಿ ಸಹಿ ಮಾಡುವುದು. ಇಷ್ಟೇ ನನ್ನ ಕೆಲಸ.

ತೊಂಬತ್ತರ ದಶಕ ಮುಗಿಯುತ್ತಿದ್ದ ಆ ವರ್ಷ ವಸುಧಾ ಮೇಡಂ ನಮ್ಮ ಪ್ರಯೋಗಾಲಯಕ್ಕೆ ಸಂಶೋಧನೆಗೆ ಬಂದು ಒಂದು ವರ್ಷವಾಗಿತ್ತು. ಮುಳಬಾಗಿಲಿನವರು. ತಂದೆ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು, ತಾತ ಪೂಜೆ ಮಾಡುತ್ತಿದ್ದರು. ಅಂಥ ಮನೆಯ ಹುಡುಗಿ ಇಲಿ ಕೊಯ್ಯುವ ಕೆಲಸಕ್ಕೆ ಹೋಗುತ್ತಾಳೆಂದು ಅವರ ತಾಯಿ ಸಂಜೆ ಹಿತ್ತಲಿನಲ್ಲೇ ನೀರು ಹಾಕಿಸಿ, ಸೀರೆ ಬದಲಿಸಿದ ಮೇಲೆಯೇ ಅಡುಗೆ ಮನೆಗೆ ಬಿಡುತ್ತಿದ್ದರಂತೆ. ಅದನ್ನು ಮೇಡಂ ಬಸ್ಸಿನಲ್ಲಿ ನಗುತ್ತಾ ಹೇಳುತ್ತಿದ್ದರು. ನಮ್ಮೂರಿನಿಂದ ಬರುವ ಬಸ್ಸಿಗೆ ಅವರು ಮುಳಬಾಗಿಲಿನಲ್ಲಿ ಹತ್ತುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಒಂದು ದಿನವೂ ನನ್ನನ್ನು ಏಕವಚನದಲ್ಲಿ ಕರೆಯಲಿಲ್ಲ.

ಅವರು ಹಿಡಿದಿದ್ದ ಪ್ರಶ್ನೆ ನಮ್ಮ ನೀರಿನದು. ನಮ್ಮೂರಿನ ಬಾವಿ ಬತ್ತಿ ಬೋರ್‌ವೆಲ್ ಕೊರೆಸಿದ ಮೇಲೆ ಹುಟ್ಟಿದ ಮಕ್ಕಳಿಗೆಲ್ಲ ಹಲ್ಲು ಕಂದು. ಸುಣ್ಣದ ಗೋಡೆಗೆ ಮಳೆನೀರು ಇಳಿದ ಹಾಗೆ ಪಟ್ಟೆ ಪಟ್ಟೆ. ದೊಡ್ಡವರಿಗೆ ಮಂಡಿ, ಕತ್ತು ಬಿಗಿ. ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಎನ್ನುವುದು ನಮಗೂ ಗೊತ್ತಿತ್ತು. ಆದರೆ ಅದು ಹಲ್ಲಿನ ವಿಷಯ, ಅಂದದ ವಿಷಯ ಎಂದು ಸುಮ್ಮನಿದ್ದೆವು. ಮೇಡಂ ಹೇಳಿದರು: “ಹಲ್ಲು ಕಣ್ಣಿಗೆ ಕಾಣುತ್ತೆ, ಅದಕ್ಕೇ ಎಲ್ಲರೂ ಹಲ್ಲು ಹಲ್ಲು ಅಂತಾರೆ. ಅದೇ ನೀರು ಮೆದುಳಿಗೂ ಹೋಗುತ್ತಲ್ಲ ಮುನಿಶಾಮಪ್ಪನವರೇ, ಅಲ್ಲಿ ಏನ್ ಮಾಡುತ್ತೆ ಅಂತ ಯಾರು ನೋಡಿದಾರೆ?”

ಅವರು ನನಗೆ ತಿಳಿಯುವ ಹಾಗೆ ಹೇಳಿಕೊಟ್ಟದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ. ನಾವು ಉಸಿರಾಡುವ ಆಮ್ಲಜನಕವೇ ಕೆಲವು ಸಲ ಕೆರಳಿ, ಕಬ್ಬಿಣಕ್ಕೆ ತುಕ್ಕು ಹಿಡಿಸುವ ಹಾಗೆ ಮೆದುಳಿನ ನರಕೋಶಗಳ ಕೊಬ್ಬನ್ನು ತಿನ್ನುತ್ತದೆ. ಆ ತುಕ್ಕನ್ನು ತಡೆಯುವ ವಸ್ತುಗಳೂ ಕೋಶದಲ್ಲೇ ಇರುತ್ತವೆ. ಫ್ಲೋರೈಡು ಅವುಗಳನ್ನು ಖಾಲಿ ಮಾಡುತ್ತದೆಯೇ ಎಂಬುದು ಒಂದು ಪ್ರಶ್ನೆ. ಇನ್ನೊಂದು, ಕೋಶಕ್ಕೆ ಏಟು ಬಿದ್ದಾಗ ಒಳಗೆ ಹೋಗುವ ಸುದ್ದಿಯದು. ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಜನ ಸಾಲಾಗಿ ನಿಂತು ಬಾವಿಯಿಂದ ಬಿಂದಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಕೋಶದೊಳಗೆ ಒಂದರಿಂದ ಒಂದಕ್ಕೆ ಸುದ್ದಿ ದಾಟುತ್ತದಂತೆ. ಏಟು ಸಣ್ಣದಾದರೆ ರಿಪೇರಿ ಮಾಡಿಕೋ ಎಂದು. ಏಟು ಬೀಳುತ್ತಲೇ ಇದ್ದರೆ ಸುದ್ದಿ ಬದಲಾಗಿ, ಸಾಯಿ ಎಂದು. ಈ ಎರಡನೆಯ ಪರೀಕ್ಷೆಗೆ ಬೇಕಾದ ಯಂತ್ರ ನಮ್ಮಲ್ಲಿರಲಿಲ್ಲ. ಮೇಡಂ ಇಲಿಯ ಮೆದುಳಿನ ಚೂರುಗಳನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ಯುತ್ತಿದ್ದರು. ಪಕ್ಕದ ಸೀಟಿನವರು ಐಸ್‌ಕ್ರೀಮ್ ಎಂದುಕೊಳ್ಳುತ್ತಿದ್ದರಂತೆ.

ಪ್ರಯೋಗಕ್ಕೆ ನಮ್ಮೂರಿನ ಬೋರ್‌ವೆಲ್ ನೀರೇ ಬೇಕೆಂದು ಆರಿಸಿದರು. ತರುವವನು ನಾನೇ. ದಿನವೂ ಬೆಳಿಗ್ಗೆ ಐದು ಲೀಟರಿನ ಹಳದಿ ಎಣ್ಣೆ ಕ್ಯಾನಿನಲ್ಲಿ ಬೋರ್‌ವೆಲ್ ನೀರು ತುಂಬುವ ಸಿಸ್ಟನ್ನಿನ, ಅಂದರೆ ಬೀದಿಯ ತೊಟ್ಟಿಯ, ನಲ್ಲಿಯಿಂದ ನೀರು ಹಿಡಿದು ಬಸ್ಸು ಹತ್ತುತ್ತಿದ್ದೆ. ಕಂಡಕ್ಟರ್ ತಮಾಷೆ ಮಾಡುತ್ತಿದ್ದ: “ಏನ್ ಮುನಿಶಾಮಣ್ಣ, ಕೋಲಾರದೋರಿಗೆ ತೀರ್ಥ ತಗೊಂಡ್ ಹೊರಟ್ಯಾ? ಅದಕ್ಕೂ ಅರ್ಧ ಟಿಕೆಟ್ ಹರೀಲಾ?”

ಇಲಿಗಳು ಮೂರು ಗುಂಪು. ಪಂಜರಕ್ಕೆ ಬಿಳಿ ಪಟ್ಟಿ ಅಂಟಿಸಿದ್ದವಕ್ಕೆ ಡಿಸ್ಟಿಲ್ಡ್ ವಾಟರ್, ಅಂದರೆ ಗಾಜಿನ ಬುರುಡೆಯಲ್ಲಿ ಕಾಯಿಸಿ ಆವಿಯನ್ನು ತಣಿಸಿ ಹಿಡಿದ, ಏನೂ ಬೆರೆಯದ ನೀರು. ಹಳದಿ ಪಟ್ಟಿಯವಕ್ಕೆ ನಮ್ಮೂರಿನ ನೀರು. ಕೆಂಪು ಪಟ್ಟಿಯವಕ್ಕೆ ಫ್ಲೋರೈಡ್ ಪುಡಿ ಇನ್ನಷ್ಟು ಬೆರೆಸಿದ ನೀರು. ಬಿಳಿ ಪಟ್ಟಿಯವು ಅಳತೆಗೋಲು ಇದ್ದಂತೆ, ಅವು ಸರಿಯಿದ್ದರೆ ಮಾತ್ರ ಉಳಿದದ್ದಕ್ಕೆ ಅರ್ಥ ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ನಾನು ತಲೆಯಾಡಿಸಿದ್ದೆ.

ಮೊದಲು ಸಣ್ಣದಾಗಿ, ಗುಂಪಿಗೆ ನಾಲ್ಕೇ ಇಲಿಯಂತೆ ಎರಡು ತಿಂಗಳು ಮಾಡಿದರು. ಬೇಸಿಗೆಯ ಒಂದು ಮಧ್ಯಾಹ್ನ ನನ್ನನ್ನು ಕರೆದು ಪರೀಕ್ಷಾ ನಳಿಗೆಗಳ ಸ್ಟ್ಯಾಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೆದುಳನ್ನು ಅರೆದು, ಒಂದು ಔಷಧಿ ಬೆರೆಸಿ, ಬಿಸಿನೀರಿನಲ್ಲಿ ಕುದಿಸಿದರೆ ತುಕ್ಕು ಹಿಡಿದಷ್ಟೂ ಗುಲಾಬಿ ಬಣ್ಣ ಬರುತ್ತದೆ. ಬಿಳಿ ಪಟ್ಟಿಯ ನಾಲ್ಕು ನಳಿಗೆಗಳು ಕೈತೊಳೆದ ನೀರಿನಂತಿದ್ದವು. ನಮ್ಮೂರಿನ ನೀರು ಕುಡಿದ ನಾಲ್ಕು ಗುಲಾಬಿ. ಕೆಂಪು ಪಟ್ಟಿಯವು ದಾಸವಾಳ ಹಿಂಡಿದಂತೆ.

“ನಿಮ್ಮೂರಿನ ನೀರು ನೋಡಿ,” ಎಂದರು ಮೇಡಂ. ಅವರ ಮುಖದಲ್ಲಿ ಸಂತೋಷವೂ ಇತ್ತು, ಅದಕ್ಕೆ ನಾಚಿಕೆಯೂ ಇತ್ತು. “ಇದು ಚಿಕ್ಕ ಲೆಕ್ಕ. ಮುಂಗಾರು ಶುರುವಾಗೋ ಹೊತ್ತಿಗೆ ದೊಡ್ಡದಾಗಿ ಮಾಡ್ತೀನಿ, ಆರು ತಿಂಗಳು. ಅದೂ ಹೀಗೇ ಬಂದ್ರೆ ಯಾರೂ ಇಲ್ಲ ಅನ್ನೋ ಹಾಗಿಲ್ಲ. ಬೋರ್‌ವೆಲ್ ಮುಚ್ಚಿಸಿ ಬೇರೆ ನೀರು ಕೊಡಲೇಬೇಕು.”

ನನಗೆ ಬೇರೆ ನೀರು ಕಾಣಲಿಲ್ಲ. ಆ ಗುಲಾಬಿ ಬಣ್ಣ ಮಾತ್ರ ಕಂಡಿತು.

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮಂಜುಳಾ ಆಗ ಮದುವೆಗೆ ಬಂದಿದ್ದಳು. ಮಾತನಾಡುವಾಗ ಸೆರಗು ಬಾಯಿಯ ಹತ್ತಿರವೇ ಇರುತ್ತಿತ್ತು. ಮಾಲೂರಿನ ಕಡೆಯವರು ನೋಡಲು ಬಂದಾಗ ಹುಡುಗನ ತಾಯಿ, “ಒಂದ್ಸಲ ನಗಮ್ಮ, ನೋಡೋಣ,” ಎಂದರು. ಮಂಜುಳಾ ನಗಲಿಲ್ಲ. ಎದ್ದು ಒಳಗೆ ಹೋದಳು. ಚಿಕ್ಕವಳು ತುಂಬ ತಡವಾಗಿ ಹುಟ್ಟಿದವಳು, ಎಲ್ಲರೂ ಚಿನ್ನಿ ಎನ್ನುತ್ತಿದ್ದೆವು. ಆ ಬೇಸಿಗೆಗೆ ನಾಲ್ಕು ವರ್ಷ ತುಂಬಿತ್ತು. ಹಾಲುಹಲ್ಲು ಬೆಳ್ಳಗೆ ಫಳಫಳ ಎನ್ನುತ್ತಿದ್ದವು. ಹುಟ್ಟುವ ಹಲ್ಲು ಒಸಡಿನ ಒಳಗಿರುವಾಗಲೇ ಹಾಳಾಗುತ್ತದೆ, ಮಕ್ಕಳಿಗೆ ಎಂಟು ವರ್ಷದವರೆಗೆ ಒಳ್ಳೆಯ ನೀರು ಮುಖ್ಯ ಎಂದು ಮೇಡಂ ಯಾರೊಡನೆಯೋ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿತ್ತು. ಗುಲಾಬಿ ನಳಿಗೆ ಕಂಡ ದಿನ ಸಂಜೆ ಮನೆಗೆ ಬಂದಾಗ ಚಿನ್ನಿ ಕೊಡದಿಂದ ಲೋಟ ತುಂಬಿಕೊಂಡು ಗಟಗಟ ಕುಡಿಯುತ್ತಿದ್ದಳು. ನಾನು ಲೋಟ ಕಿತ್ತುಕೊಂಡೆ. ಮಗು ಹೆದರಿ ಅತ್ತಿತು. ಕೊಡಲು ಬೇರೆ ನೀರು ಮನೆಯಲ್ಲಿ ಇರಲಿಲ್ಲ.

ದೊಡ್ಡ ಪ್ರಯೋಗ ಶುರುವಾದ ಎರಡನೆಯ ವಾರ ಮೊದಲ ಸಲ ಮಾಡಿದೆ. ಬಿಳಿ ಪಟ್ಟಿಯ ಹನ್ನೆರಡು ಪಂಜರಗಳಿಗೆ ದಿನಕ್ಕೆ ಎರಡು ಲೀಟರ್ ಡಿಸ್ಟಿಲ್ಡ್ ವಾಟರ್ ಅಳೆದು ಕೊಡುತ್ತಿದ್ದರು. ಆ ಬೇಸಿಗೆಯಿಂದ ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಕೊಳಾಯಿಯಲ್ಲಿ ನೀರಿರಲಿಲ್ಲ. ಆ ಎರಡು ಲೀಟರೇ ಕಷ್ಟದ್ದು. ಬೆಳಿಗ್ಗೆ ನನ್ನ ಹಳದಿ ಕ್ಯಾನಿನಿಂದ ಹಳದಿ ಪಟ್ಟಿಯ ಬಾಟಲಿಗಳನ್ನು ತುಂಬಿದೆ. ಕ್ಯಾನಿನಲ್ಲಿ ಇನ್ನೂ ಅರ್ಧ ನೀರಿತ್ತು. ಅದನ್ನೇ ಬಿಳಿ ಪಟ್ಟಿಯ ಬಾಟಲಿಗಳಿಗೂ ತುಂಬಿದೆ. ಕ್ಯಾನು ಖಾಲಿಯಾಯಿತು, ತೊಳೆದೆ, ಡಿಸ್ಟಿಲ್ಡ್ ವಾಟರನ್ನು ಅದಕ್ಕೆ ಸುರಿದುಕೊಂಡೆ. ರಿಜಿಸ್ಟರಿನಲ್ಲಿ ‘ಬಿಳಿ: ಡಿಸ್ಟಿಲ್ಡ್’ ಎಂದಿದ್ದ ಕಡೆ ಸಹಿ ಹಾಕಿದೆ. ಎಲ್ಲ ಸೇರಿ ಕಾಲು ಗಂಟೆಯ ಕೆಲಸ.

ಮೇಡಂ ಕೊಟ್ಟರು ಎಂದು ಮನೆಯಲ್ಲಿ ಹೇಳಿದೆ. ಚಿನ್ನಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು. “ಚಪ್ಪಗ ಉಂದಿ ನಾಯ್ನಾ,” ಎಂದಳು. ಮನೆಯಲ್ಲಿ ನಾವು ಅರ್ಧ ತೆಲುಗು. ಸಪ್ಪೆ ಇದೆ ಅಪ್ಪಾ ಎಂದು. ರತ್ನಮ್ಮ ಅದನ್ನು ಬೇರೆ ತಂಬಿಗೆಯಲ್ಲಿಟ್ಟು ಮುಚ್ಚಿ, ಅದು ಚಿನ್ನಿಯದು, ಯಾರೂ ಮುಟ್ಟಬೇಡಿ ಎಂದಳು. ಮಂಜುಳಾ ಆ ತಂಬಿಗೆಯನ್ನು ಒಂದು ಸಲ ನೋಡಿ ತನ್ನ ಲೋಟಕ್ಕೆ ಕೊಡದಿಂದ ನೀರು ಬಗ್ಗಿಸಿಕೊಂಡಳು.

ಆರು ತಿಂಗಳು ಹೀಗೆ ನಡೆಯಿತು. ಒಳಗೆ ತಪ್ಪೆಂದು ಗೊತ್ತಿರಲಿಲ್ಲವೇ ಎಂದು ಯಾರಾದರೂ ಕೇಳಿದರೆ ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿಲ್ಲ. ಆ ನೀರು ಕೆಟ್ಟದ್ದೆಂದು ನಂಬಿದ್ದಕ್ಕೇ ಮಗಳಿಗೆ ಬೇರೆ ನೀರು ಒಯ್ಯುತ್ತಿದ್ದೆ. ಇಲಿಗೆ ಅದೇ ಹಾಕುವಾಗ ಮಾತ್ರ, ನೀರು ತಾನೇ, ಏನಾಗುತ್ತದೆ ಎಂದುಕೊಳ್ಳುತ್ತಿದ್ದೆ. ಒಂದೇ ದಿನದಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ನಂಬುತ್ತಿದ್ದೆ.

ಸೋನೆ ಮಳೆ ಹಿಡಿದ ದಿನಗಳು. ಇಲಿ ಮನೆಯ ಶೀಟಿನ ಮೇಲೆ ಸದ್ದು, ಹೊಟ್ಟು ಒಣಗದೆ ಮುಗ್ಗಲು, ಕಣ್ಣು ಉರಿಯುವಷ್ಟು ವಾಸನೆ. ನಾಲ್ಕನೆಯ ತಿಂಗಳಿರಬೇಕು, ಪಂಜರ ತೊಳೆಯುವಾಗ ಬಿಳಿ ಪಟ್ಟಿಯ ಒಂದು ಇಲಿಯ ಬಾಯಿ ಕಂಡಿತು. ಇಲಿಯ ಮುಂದಿನ ಹಲ್ಲು ಸಹಜವಾಗಿಯೇ ಅರಿಸಿನ ಬಣ್ಣ. ಹಾಗಿದ್ದರೇ ಆರೋಗ್ಯ. ಫ್ಲೋರೈಡ್ ಸೇರಿದರೆ ಅದು ಬಣ್ಣ ಕಳೆದು ಬಿಳಿ ಗೆರೆ ಮೂಡುತ್ತದೆ. ಹಳದಿ ಪಟ್ಟಿಯ ಇಲಿಗಳಿಗೆ ಮೂಡಿತ್ತು. ಈಗ ಬಿಳಿ ಪಟ್ಟಿಯವಕ್ಕೂ ಮೂಡಿತ್ತು. ಹನ್ನೆರಡನ್ನೂ ಒಂದೊಂದಾಗಿ ಎತ್ತಿ ನೋಡಿದೆ. ನನ್ನ ಕಳ್ಳತನ ಹನ್ನೆರಡು ಬಾಯಿಯಲ್ಲಿ ಬರೆದಿಟ್ಟ ಹಾಗಿತ್ತು.

ಕೆಲವು ದಿನಗಳ ಮೇಲೆ ಮೇಡಂ ತೂಕ ನೋಡಲು ಬಂದವರು ಒಂದು ಇಲಿಯನ್ನು ಎತ್ತಿ ತುಂಬ ಹೊತ್ತು ಅದರ ಬಾಯಿ ನೋಡಿದರು.

“ಮುನಿಶಾಮಪ್ಪನವರೇ, ಇದು ಬಿಳಿ ಪಟ್ಟೀದೇ ಅಲ್ವಾ? ಹಲ್ಲಲ್ಲಿ ಗೆರೆ ಇದ್ದ ಹಾಗಿದೆ.”

“ಬಲಿತೈತಲ್ಲ ಮೇಡಂ, ಬಲಿತ್ರೆ ಹಂಗೇ,” ಎಂದೆ.

ಹದಿನೈದು ವರ್ಷ ಇಲಿ ಸಾಕಿದವನ ಮಾತು. ಅವರು ನಂಬಿದರು. ಆದರೂ ಜೇಬಿನಿಂದ ಪೆನ್ಸಿಲ್ ತೆಗೆದು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು.

ಡಿಸೆಂಬರಿನ ಚಳಿಯಲ್ಲಿ ಇಲಿಗಳನ್ನು ಕೊಯ್ದರು. ಹಿಡಿದುಕೊಟ್ಟವನು ನಾನೇ. ಎರಡು ದಿನ ಬಿಟ್ಟು ನಳಿಗೆಗಳನ್ನು ಕುದಿಸಿದರು. ನನ್ನನ್ನು ಕರೆಯಲಿಲ್ಲ. ನಾನೇ ಗುಡಿಸುವ ನೆವದಲ್ಲಿ ಒಳಗೆ ಹೋದೆ. ಸ್ಟ್ಯಾಂಡಿನಲ್ಲಿ ಬಿಳಿ ಪಟ್ಟಿಯ ಹನ್ನೆರಡು, ಹಳದಿ ಪಟ್ಟಿಯ ಹನ್ನೆರಡು, ಎಲ್ಲವೂ ಒಂದೇ ಗುಲಾಬಿ. ಮೇಡಂ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ನೀಲಿ ಸೀರೆ ಉಟ್ಟಿದ್ದರು, ತೋಳಿನ ಮೇಲಿದ್ದ ಸೆರಗಿಗೆ ಒಂದು ಹನಿ ಆಸಿಡ್ ಬಿದ್ದು ತೂತಾಗಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಮತ್ತೆ ಮಾಡಿದರು. ಹೊಸ ಔಷಧಿ ತರಿಸಿ ಮೂರನೆಯ ಸಲ ಮಾಡಿದರು. ನಳಿಗೆಗೆ ಎರಡೆರಡು ಚೀಟಿ ಅಂಟಿಸಿದರು. ಬೆಂಗಳೂರಿನಿಂದ ನರಕೋಶದ ಸುದ್ದಿಯ ಫಲಿತಾಂಶವೂ ಬಂತು. ಅದೂ ಹಾಗೆಯೇ. ಬಿಳಿ, ಹಳದಿ ಎರಡರಲ್ಲೂ ಕೋಶಗಳಿಗೆ ಹೋಗಿದ್ದು ಸಾಯುವ ಸುದ್ದಿಯೇ. ಮೇಡಂಗೆ ಮಾರ್ಗದರ್ಶಕರಾಗಿದ್ದ ಪ್ರೊಫೆಸರರು ಎಲ್ಲರ ಎದುರಿಗೇ, ಮೊದಲನೆಯದರಲ್ಲಿ ಕೈತಪ್ಪಿತ್ತೋ, ಇದರಲ್ಲಿ ಕೈತಪ್ಪಿತೋ, ಕೈಯಂತೂ ಸರಿಯಿಲ್ಲ ಎಂದರು. ಅವರದೂ ತಪ್ಪಲ್ಲ. ಅವರ ಮುಂದೆ ಇದ್ದದ್ದು ನನ್ನ ಸಹಿಯ ರಿಜಿಸ್ಟರು.

ಆ ಸಂಜೆ ಮೇಡಂ ಇಲಿ ಮನೆಗೆ ಬಂದರು. ಪಂಜರಗಳು ಖಾಲಿ. ನಾನು ಹೊಟ್ಟು ಚೀಲಕ್ಕೆ ತುಂಬುತ್ತಿದ್ದೆ.

“ನಿಮ್ಮನ್ನ ಅನುಮಾನ ಪಡ್ತಾ ಇಲ್ಲ. ನನಗೇ ಏನೂ ತಿಳೀತಾ ಇಲ್ಲ,” ಎಂದರು. “ಯಾವತ್ತಾದ್ರೂ ಒಂದು ದಿನ ಬಾಟಲಿ ಅದಲು ಬದಲು ಆಯ್ತಾ? ಆಗಿದ್ರೆ ಹೇಳಿ. ನಾನು ಯಾರಿಗೂ ಹೇಳಲ್ಲ. ಮತ್ತೆ ಮೊದಲಿಂದ ಮಾಡ್ತೀನಿ, ಅಷ್ಟೇ.”

ಹೇಳಬೇಕಾಗಿದ್ದದ್ದು ಆಗ. ಅವರು ಬಾಗಿಲು ತೆರೆದು ದಾರಿ ತೋರಿಸಿದ್ದರು. ನನಗೆ ಕಂಡದ್ದು ನೌಕರಿ ಹೋಗುವುದು, ಮಂಜುಳಾಳ ಮದುವೆ ಕೆಡುವುದು.

“ಇಲ್ಲ ಮೇಡಂ,” ಎಂದೆ. “ನನ್ನ ಚಿಕ್ಕ ಮಗಳಾಣೆ.”

ಆಣೆ ಕೇಳಿ ಅವರೇ ಗಾಬರಿಯಾದರು. ಅಯ್ಯೋ, ಮಕ್ಕಳ ಮೇಲೆಲ್ಲ ಆಣೆ ಯಾಕೆ, ಬೇಡ ಎಂದರು. ನನ್ನ ಕ್ಷಮೆ ಕೇಳಿದರು. ಅದನ್ನು ನಾನು ಇಲ್ಲಿ ಬರೆಯಲೇಬೇಕು. ಅವರು ನನ್ನ ಕ್ಷಮೆ ಕೇಳಿದರು.

ಮಾರ್ಚಿನಲ್ಲಿ ಅವರಿಗೆ ಬರುತ್ತಿದ್ದ ಸಹಾಯಧನ ಮುಂದುವರಿಯಲಿಲ್ಲ. ಕೊನೆಕೊನೆಗೆ ಒಂದೊಂದು ನಳಿಗೆಯನ್ನೂ ಎರಡೆರಡು ಸಲ ಎತ್ತಿ ನೋಡುತ್ತಿದ್ದರು, ಬೀಗ ಹಾಕಿ ಮತ್ತೆ ಬಂದು ಎಳೆದು ನೋಡುತ್ತಿದ್ದರು. ಒಂದು ದಿನ ಬಸ್ಸಿನಲ್ಲಿ ಅವರು ಇರಲಿಲ್ಲ. ಶ್ರೀನಿವಾಸಪುರದ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತಿದ್ದಾರೆಂದು ಆಮೇಲೆ ತಿಳಿಯಿತು.

ಇನ್ನೊಂದು ಇದೆ. ಆ ವರ್ಷ ಕಳೆದು ನಮ್ಮೂರಿನಲ್ಲಿ ಸಭೆ ನಡೆಯಿತು. ದೂರದ ಕೊಳವೆಬಾವಿಯಿಂದ ಪೈಪು ಎಳೆದು ಕುಡಿಯುವ ನೀರು ಕೊಡಬೇಕೆಂದು ಊರವರ ಅರ್ಜಿ ಇತ್ತು. ಬಂದಿದ್ದ ಇಂಜಿನಿಯರು ಕಾಲೇಜಿನಿಂದ ತರಿಸಿಕೊಂಡಿದ್ದ ಒಂದು ಕಾಗದ ನೋಡಿ, ನಿಮ್ಮೂರಿನ ನೀರನ್ನು ಕಾಲೇಜಿನಲ್ಲಿ ಪರೀಕ್ಷೆ ಮಾಡಿದ್ದಾರೆ, ಶುದ್ಧ ನೀರು ಕುಡಿದ ಇಲಿಗೂ ಇದನ್ನು ಕುಡಿದ ಇಲಿಗೂ ಮೆದುಳಿನಲ್ಲಿ ವ್ಯತ್ಯಾಸವಿಲ್ಲವಂತೆ, ಹಲ್ಲು ಒಂದು ಬಿಟ್ಟರೆ ಭಯವಿಲ್ಲ ಎಂದರು. ರಾಜನ ಅಪ್ಪ ಗಂಗುಲಪ್ಪ ನನ್ನ ಕಡೆ ತಿರುಗಿ, “ನೀನೇ ಅಲ್ವೇನೋ ನೀರು ಹೊತ್ತಿದ್ದು, ಹೌದಾ?” ಎಂದು ಕೇಳಿದ. ನಾನು ಹೌದು ಎಂದೆ. ಊರು ಇನ್ನೂ ಒಂಬತ್ತು ವರ್ಷ ಅದೇ ನೀರು ಕುಡಿಯಿತು. ಪ್ರಯೋಗ ನಿಂತ ಮೇಲೆ ಚಿನ್ನಿಯೂ ಅದನ್ನೇ ಕುಡಿದಳು.

ಚಿನ್ನಿಗೆ ಏಳನೆಯ ವರ್ಷದಲ್ಲಿ ಮುಂದಿನ ಹಲ್ಲು ಬಂದವು. ಕಂದು. ಅಕ್ಕನ ಹಾಗೆಯೇ ಪಟ್ಟೆ. ಮುಂದೆ ಹನ್ನೊಂದು, ಹನ್ನೆರಡಕ್ಕೆ ಬದಿಯಲ್ಲಿ, ಹಿಂದೆ ಬಂದ ಕೆಲವು ಮಾತ್ರ ಬೆಳ್ಳಗೆ, ಬಾಯಿ ಅಗಲಿಸಿದರೆ ಕಾಣುವಂತೆ. ದೇವರು ನನ್ನ ಸುಳ್ಳು ಆಣೆ ಕೇಳಿಸಿಕೊಂಡ ಎಂದುಕೊಂಡೆ. ಬೇರೆ ಕಾರಣ ನನಗೆ ತಿಳಿದಿರಲಿಲ್ಲ.

ಕೋಳಿಗೊಬ್ಬರ ಬಂದ ಆ ವಾರ ನಾನು ಶ್ರೀನಿವಾಸಪುರಕ್ಕೆ ಹೋದೆ. ಮಾವಿನ ಕಾಲ, ಬಸ್ಸಿಗಿಂತ ಹಣ್ಣಿನ ಗಾಡಿಗಳೇ ಹೆಚ್ಚು. ನನ್ನ ಕತ್ತು ತಿರುಗುವುದಿಲ್ಲ, ಮಂಡಿ ಬಗ್ಗುವುದಿಲ್ಲ. ವಿಚಾರಿಸಿಕೊಂಡು ಮನೆ ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಬಾಗಿಲು ತೆಗೆದವರಿಗೆ ತಲೆ ಪೂರ್ತಿ ನರೆತಿತ್ತು. ಒಂದು ಕ್ಷಣ ನೋಡಿ, “ಮುನಿಶಾಮಪ್ಪನವರು,” ಎಂದರು. ಕೂರಿಸಿ, ನೀರು ಕೊಟ್ಟರು. ಆ ಲೋಟ ಹಿಡಿದುಕೊಂಡೇ ಎಲ್ಲ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು, “ಯಾವ ವಾರದಿಂದ?”

“ಎರಡನೇ ವಾರ. ಸೋಮವಾರ.”

“ಕೊನೇವರೆಗೂ? ಒಂದು ದಿನವೂ ಬಿಡದೆ?”

“ಬಿಡದೆ.”

ಎದ್ದು ಒಳಗೆ ಹೋದರು. ಬೀರು ತೆಗೆದ ಸದ್ದು ಕೇಳಿಸಿತು. ತಂದದ್ದು ಅದೇ ಉದ್ದನೆಯ ನೋಟ್‌ಬುಕ್ಕು, ಅಂಚು ಹಳದಿಯಾಗಿತ್ತು. ಪುಟ ತಿರುವಿ ತಿರುವಿ ಒಂದು ಕಡೆ ನಿಲ್ಲಿಸಿದರು. ಪೆನ್ಸಿಲ್ಲಿನಲ್ಲಿ ಬರೆದ ಒಂದು ಸಾಲು, ನನಗೆ ಓದಿ ಹೇಳಿದರು. ಬಿಳಿ ಗುಂಪು, ಹಲ್ಲಿನಲ್ಲಿ ಗೆರೆ. ಮುಂದೆ ಪ್ರಶ್ನೆಯ ಗುರುತು.

“ಕಣ್ಣಿಗೆ ಕಂಡಿತ್ತು. ನೀವು ಬಲಿತದ್ದಕ್ಕೆ ಅಂದ್ರಿ, ನಾನು ನನ್ನ ಕಣ್ಣು ಬಿಟ್ಟು ನಿಮ್ಮನ್ನ ನಂಬಿದೆ,” ಎಂದರು. ಸಿಟ್ಟಿನಿಂದ ಹೇಳಲಿಲ್ಲ. “ಇಪ್ಪತ್ತೈದು ವರ್ಷ ನನ್ನ ಕೈ ಸರಿಯಿಲ್ಲ ಅಂದ್ಕೊಂಡಿದ್ದೆ. ಮಕ್ಕಳಿಗೆ ಪ್ರಾಕ್ಟಿಕಲ್ ಮಾಡಿಸೋವಾಗ ನಳಿಗೆ ನಾನು ಮುಟ್ಟಲ್ಲ, ಗೊತ್ತಾ. ಅವರ ಕೈಲೇ ಮಾಡಿಸ್ತೀನಿ.”

ಆಮೇಲೆ ಅವರೇ ಕೇಳಿದರು, ಮಗುವಿಗೆ ಆಗ ಎಷ್ಟು ವಯಸ್ಸು ಎಂದು. ನಾಲ್ಕು ತುಂಬಿತ್ತು ಎಂದೆ. ಅವರು ಕಣ್ಣು ಮುಚ್ಚಿಕೊಂಡರು.

“ಮುಂದಿನ ಹಲ್ಲು ಅಷ್ಟೊತ್ತಿಗೆ ಒಳಗೆ ಆಗಿಹೋಗಿರುತ್ತೆ ಮುನಿಶಾಮಪ್ಪನವರೇ. ಹಿಂದಿನ ಕೆಲವು ಉಳಿದಿರಬೇಕು, ಅಷ್ಟೇ. ನನ್ನನ್ನ ಕೇಳಿದ್ದಿದ್ರೆ ಹೇಳ್ತಿದ್ದೆ. ನೀರು ಬೇಕು ಅಂದಿದ್ರೆ ನಾನೇ ಮನೇಲಿ ಮಳೆನೀರು ಹಿಡಿದು ಕೊಡ್ತಿದ್ದೆ. ದಿನಾ ಒಂದೇ ಬಸ್ಸಲ್ಲಿ ಬರ್ತಿದ್ವಲ್ಲ.”

ದಿನಾ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ನನ್ನ ಕಾಲ ಬಳಿ ಕ್ಯಾನು, ಅವರ ಮಡಿಲಲ್ಲಿ ನೋಟ್‌ಬುಕ್ಕು. ಕೇಳಬಹುದಿತ್ತು.

ಅವರು ಪೆನ್ನು ಕೊಟ್ಟರು. ಆ ಪೆನ್ಸಿಲ್ ಸಾಲಿನ ಕೆಳಗೆ ನಿಮ್ಮ ಕೈಯಲ್ಲೇ ಬರೆಯಿರಿ ಎಂದರು. ನಾನು ಬರೆದೆ: ಎರಡನೆಯ ವಾರದ ಸೋಮವಾರದಿಂದ ಕೊನೆಯವರೆಗೆ ಬಿಳಿ ಪಟ್ಟಿಯ ಪಂಜರಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕಿಲ್ಲ, ನಮ್ಮೂರಿನ ನೀರು ಹಾಕಿದ್ದೇನೆ. ಹೆಸರು, ಸಹಿ. ರಿಜಿಸ್ಟರಿನಲ್ಲಿ ಹಾಕುತ್ತಿದ್ದ ಸಹಿಯೇ. ಮೇಡಂ ಅದನ್ನು ಓದಿ, ರಬ್ಬರು ತಂದು, ತಮ್ಮ ಸಾಲಿನ ಮುಂದಿದ್ದ ಪ್ರಶ್ನೆಯ ಗುರುತನ್ನು ಅಳಿಸಿದರು. ಪುಡಿಯನ್ನು ಅಂಗೈಯಿಂದ ಒರೆಸಿದರು.

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೊರಡುವಾಗ, “ಊರಲ್ಲಿ ಹೇಳಿದೀರಾ?” ಎಂದರು. ಇಲ್ಲ ಎಂದೆ. “ನನಗೊಬ್ಬಳಿಗೆ ಹೇಳಿದ್ರೆ ಅರ್ಧ ಆಯ್ತು.”

ಊರಿಗೆ ಬಂದಾಗ ರಾಜ ಗೊಬ್ಬರದ ರಾಶಿಯ ಮುಂದೆ ಬುಟ್ಟಿಗೆ ತುಂಬುತ್ತಿದ್ದ. ಆ ಸಭೆಯ ಕಾಲಕ್ಕೆ ಅವನು ಎರಡು ವರ್ಷದ ಕೂಸು. ಮುಖಕ್ಕೆ ಟವೆಲ್ ಕಟ್ಟಿಕೊಂಡಿದ್ದ. ನಾನು ಎದುರಿಗೆ ನಿಂತೆ. ಇಷ್ಟು ಹತ್ತಿರ ಯಾಕೆ ಬಂದೆ, ಈ ಗಬ್ಬು ವಾಸನೆಗೆ ಎಂದು ನಗೆಯಾಡಿದ. ನಾನು ಅವನಿಗೆ ಹೇಳಿದೆ. ನೀರು, ಇಲಿ, ಆಣೆ, ಅವನ ಅಪ್ಪನಿಗೆ ಸಭೆಯಲ್ಲಿ ಹೌದು ಎಂದದ್ದು.

ಅವನು ಬುಟ್ಟಿ ಕೆಳಗಿಟ್ಟ.

“ನಮ್ಮಪ್ಪ ಸಾಯೋವರ್ಗೂ ಹೇಳ್ತಿದ್ದ ದೊಡ್ಡಪ್ಪ,” ಎಂದ. “ಮುನಿಶಾಮಿ ಕಣ್ಣಾರೆ ನೋಡವ್ನೆ, ನೀರಿಂದ ಏನೂ ಆಗಲ್ಲ, ಕುಡೀರಿ ಅಂತ.”

ಆಮೇಲೆ ಕೈ ಎತ್ತಿ ಟವೆಲ್ಲಿನ ಗಂಟು ಬಿಚ್ಚಿದ. ಮುಖದಿಂದ ಅದನ್ನು ತೆಗೆದು ಹೆಗಲ ಮೇಲೆ ಹಾಕಿಕೊಂಡು, ಬಾಯಿ ತೆರೆದು ನನಗೆ ತೋರಿಸಿದ. ಸಂಜೆಯ ಬೆಳಕು ನೇರವಾಗಿ ಬೀಳುತ್ತಿತ್ತು. ಕತ್ತು ತಿರುಗದ ಕಾರಣ ನಾನು ಬೇರೆ ಕಡೆ ನೋಡುವಂತಿರಲಿಲ್ಲ. ಅವನು ಬಾಯಿ ಮುಚ್ಚುವವರೆಗೂ ನೋಡುತ್ತಾ ನಿಂತೆ.